ಸ್ಟಾರ್ ವಾರ್ಸ್‌ನಲ್ಲಿ ಯಾವುದು ಅಧಿಕೃತ ಕಥೆ? ಹಳೆ ಕಾದಂಬರಿಗಳನ್ನು ಓದಬೇಕಾ, ಬಿಡಬೇಕಾ?

ಹೊಸ_ಓದುಗ

ಎಲ್ಲರಿಗೂ ನಮಸ್ಕಾರ. ಸ್ಟಾರ್ ವಾರ್ಸ್ ಸಿನಿಮಾಗಳನ್ನೆಲ್ಲ ನೋಡಿದ್ದೇನೆ. ಸರಣಿಗಳಲ್ಲಿ ‘ದಿ ಮ್ಯಾಂಡಲೋರಿಯನ್’ ಮತ್ತು ‘ಅಸೋಕಾ’ ಮುಗಿಸಿದ್ದೇನೆ. ‘ಅಸೋಕಾ’ದಲ್ಲಿ ಬರುವ ಥ್ರಾನ್ ತುಂಬಾ ಹಿಡಿಸಿಬಿಟ್ಟ. ಕೂಗಾಡದೆ, ಯೋಚನೆ ಮಾಡಿ ಗೆಲ್ಲುವ ಖಳನಾಯಕ.

ಮೊನ್ನೆ ಹಳೆ ಪುಸ್ತಕದ ಅಂಗಡಿಯಲ್ಲಿ ಟಿಮೊಥಿ ಝಾನ್ ಬರೆದ ‘ಏರ್ ಟು ದಿ ಎಂಪೈರ್’ ಸಿಕ್ಕಿತು. 1991ರ ಕಾದಂಬರಿ. ಥ್ರಾನ್ ಹುಟ್ಟಿದ್ದೇ ಇದರಲ್ಲಂತೆ. ಖುಷಿಯಿಂದ ಗೆಳೆಯನಿಗೆ ತೋರಿಸಿದೆ. ಅವನು, "ಅದು ಕ್ಯಾನನ್, ಅಂದರೆ ಅಧಿಕೃತ ಕಥೆ ಅಲ್ಲ ಕಣೋ, ಅದನ್ನ ಓದಿ ಏನ್ ಮಾಡ್ತೀಯ" ಅಂದುಬಿಟ್ಟ.

ನನಗೆ ಅರ್ಥವಾಗಲಿಲ್ಲ. ಪಾತ್ರ ಅದೇ. ಲೇಖಕರೂ ಅವರೇ, ಈಗಲೂ ಥ್ರಾನ್ ಬಗ್ಗೆ ಹೊಸ ಪುಸ್ತಕ ಬರೆದಿದ್ದಾರೆ. ಒಂದು ಅಧಿಕೃತ, ಇನ್ನೊಂದು ಅಲ್ಲ ಅಂದರೆ ಹೇಗೆ? ಯಾರು ತೀರ್ಮಾನ ಮಾಡಿದ್ದು?

ಪರದೆ_ಮೊದಲು

ತೀರ್ಮಾನ ಮಾಡಿದ್ದು ಸ್ಟಾರ್ ವಾರ್ಸ್ ತಯಾರಿಸುವ ಕಂಪನಿ ಲ್ಯೂಕಾಸ್‌ಫಿಲ್ಮ್. ದಿನಾಂಕವೂ ಇದೆ, 2014ರ ಏಪ್ರಿಲ್ 25. ಆಗ ಇದ್ದ ಆರು ಸಿನಿಮಾ ಮತ್ತು 2008ರಲ್ಲಿ ಶುರುವಾದ ‘ದಿ ಕ್ಲೋನ್ ವಾರ್ಸ್’ ಮಾತ್ರ ಅಧಿಕೃತ ಅಂದರು. ಅಲ್ಲಿಂದ ಮುಂದೆ ಬರುವ ಸಿನಿಮಾ, ಸರಣಿ, ಕಾದಂಬರಿ, ಕಾಮಿಕ್ಸ್ ಎಲ್ಲ ಒಂದೇ ಕಥೆಯ ಭಾಗ. ಅದಕ್ಕೆ ಮುಂಚೆ ಬಂದ ಕಾದಂಬರಿ, ಕಾಮಿಕ್ಸ್, ಆಟಗಳಿಗೆ ‘ಲೆಜೆಂಡ್ಸ್’ ಅಂತ ಹೆಸರಿಟ್ಟು ಬದಿಗೆ ಇಟ್ಟರು. ನಿಮ್ಮ ಕೈಲಿರುವುದು ಆ ಗುಂಪಿಗೆ ಸೇರಿದ್ದು. ನಿಮ್ಮ ಗೆಳೆಯ ಹೇಳಿದ್ದು ಸರಿಯಾಗೇ ಇದೆ.

ಹಳೆಕಪಾಟು

ಅರ್ಧ ಸರಿ. ಕ್ಯಾನನ್ ಅಲ್ಲ ಅನ್ನುವುದು ನಿಜ. "ಓದಿ ಏನ್ ಮಾಡ್ತೀಯ" ಅನ್ನುವುದು ಬೇರೆಯೇ ಮಾತು, ಅದನ್ನು ನಾನು ಒಪ್ಪುವುದಿಲ್ಲ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಸಿನಿಮಾದ ಆಚೆಗೆ ಕಥೆ ಬೆಳೆಯಲು ಶುರುವಾಗಿದ್ದು ಮೊದಲ ಸಿನಿಮಾ ಬಂದ ಬೆನ್ನಲ್ಲೇ. 1977ರಲ್ಲೇ ಮಾರ್ವೆಲ್ ಕಾಮಿಕ್ಸ್ ಇತ್ತು. 1978ರಲ್ಲಿ ಅಲನ್ ಡೀನ್ ಫಾಸ್ಟರ್ ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’ ಬರೆದರು. ಸಿನಿಮಾ ಅಷ್ಟಾಗಿ ಓಡದಿದ್ದರೆ ಕಡಿಮೆ ಖರ್ಚಿನಲ್ಲಿ ಎರಡನೇ ಭಾಗ ಮಾಡಲು ಇರಲಿ ಅಂತ ಹೊಳೆದ ಕಥೆ ಅದು. ಅದರಲ್ಲಿ ಲ್ಯೂಕ್ ಮತ್ತು ಲೀಯಾ ನಡುವೆ ಪ್ರೀತಿಯ ಎಳೆ ಇದೆ. ಅವರಿಬ್ಬರು ಅಣ್ಣ ತಂಗಿ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

1983ರಲ್ಲಿ ‘ರಿಟರ್ನ್ ಆಫ್ ದಿ ಜೆಡೈ’ ಬಂತು. ಆಮೇಲೆ ಕೆಲವು ವರ್ಷ ಎಲ್ಲ ತಣ್ಣಗಾಗಿತ್ತು. ಹೊಸ ಸಿನಿಮಾ ಇಲ್ಲ, ಕಾಮಿಕ್ಸ್ ನಿಂತುಹೋಯಿತು. ಆಗ ಬಂದದ್ದೇ ನಿಮ್ಮ ಕೈಲಿರುವ ಪುಸ್ತಕ. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಜನ ಇನ್ನೂ ಕಾಯುತ್ತಿದ್ದಾರೆ ಅನ್ನುವುದು ಪ್ರಕಾಶಕರಿಗೆ ಗೊತ್ತಾಯಿತು. ಅಲ್ಲಿಂದ ಪುಸ್ತಕಗಳ ಸಾಲೇ ಶುರುವಾಯಿತು. ಎಕ್ಸ್‌ಪ್ಯಾಂಡೆಡ್ ಯೂನಿವರ್ಸ್ ಅಂತ ಕರೆಯುತ್ತಿದ್ದದ್ದು ಅದನ್ನೇ.

ಸಿನಿಮಾದವರೇ ಈ ಪುಸ್ತಕಗಳಿಂದ ತೆಗೆದುಕೊಂಡಿದ್ದಾರೆ, ಇದನ್ನು ನೆನಪಿಡಿ. ಸಾಮ್ರಾಜ್ಯದ ರಾಜಧಾನಿ ಗ್ರಹಕ್ಕೆ ಕೊರುಸಾಂಟ್ ಅಂತ ಹೆಸರಿಟ್ಟವರು ಝಾನ್, ಈ ಪುಸ್ತಕದಲ್ಲೇ. 1999ರ ‘ದಿ ಫ್ಯಾಂಟಮ್ ಮೆನೆಸ್’ನಲ್ಲಿ ಅದೇ ಹೆಸರು. ಆಯ್ಲಾ ಸೆಕ್ಯುರಾ ಎಂಬ ನೀಲಿ ಬಣ್ಣದ ಜೆಡೈ ಯೋಧೆ ಡಾರ್ಕ್ ಹಾರ್ಸ್ ಕಾಮಿಕ್ಸ್‌ನ ಪಾತ್ರ. ಚಿತ್ರ ನೋಡಿ ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲ್ಯೂಕಾಸ್‌ಗೆ ಇಷ್ಟವಾಯಿತು, 2002ರ ಸಿನಿಮಾಕ್ಕೆ ಸೇರಿಸಿಕೊಂಡರು.

ಹೊಸ_ಓದುಗ

ಅಂದರೆ 2014ಕ್ಕೆ ಮುಂಚೆ ಇವೆಲ್ಲ ಅಧಿಕೃತವೇ ಆಗಿದ್ದವಾ ಅಕ್ಕ? ಇದ್ದದ್ದನ್ನು ತೆಗೆದುಹಾಕಿದರಾ?

ಚಿಮೇರಾ

ಇಲ್ಲೇ ಜಾಸ್ತಿ ಗೊಂದಲ ಇರುವುದು. ಆಗಲೂ ಎಲ್ಲ ಒಂದೇ ಮಟ್ಟದಲ್ಲಿ ಇರಲಿಲ್ಲ.

ಲ್ಯೂಕಾಸ್‌ಫಿಲ್ಮ್‌ನಲ್ಲಿ 2000ದಲ್ಲಿ ಲೀಲ್ಯಾಂಡ್ ಚೀ ಅನ್ನುವವರು ಹೋಲೋಕ್ರಾನ್ ಎಂಬ ದೊಡ್ಡ ಡೇಟಾಬೇಸ್ ಕಟ್ಟಲು ಶುರು ಮಾಡಿದರು. ಯಾವ ಗ್ರಹ, ಯಾವ ಪಾತ್ರ, ಯಾವ ಹಡಗು, ಎಲ್ಲಿ ಬಂತು, ಎಲ್ಲದಕ್ಕೂ ಅದರಲ್ಲಿ ಜಾಗ. ಪ್ರತಿಯೊಂದಕ್ಕೂ ಒಂದು ಅಕ್ಷರ. ‘ಜಿ’ ಅಂದರೆ ಜಾರ್ಜ್, ಅಂದರೆ ಸಿನಿಮಾಗಳು. ಅದರ ಕೆಳಗೆ ‘ಟಿ’, ಟಿವಿ ಸರಣಿ. ಅದರ ಕೆಳಗೆ ‘ಸಿ’, ಕಾದಂಬರಿ, ಕಾಮಿಕ್ಸ್, ಆಟಗಳು. ‘ಎಸ್’ ಅಂದರೆ ಹಳೆಯವು, ಸರಿಯಾಗಿ ಹೊಂದದವು. ಬೇಕಾದರೆ ಬಳಸಬಹುದು, ಬೇಡದಿದ್ದರೆ ಬಿಡಬಹುದು. ‘ಎನ್’ ಅಂದರೆ ಲೆಕ್ಕಕ್ಕೇ ಇಲ್ಲ. ಮೇಲಿನದು ಕೆಳಗಿನದಕ್ಕೆ ವಿರುದ್ಧ ಹೋದರೆ ಮೇಲಿನದೇ ನಿಲ್ಲುತ್ತದೆ.

ಲ್ಯೂಕಾಸ್ ಅಂತೂ ಸಂದರ್ಶನಗಳಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ಪುಸ್ತಕಗಳದು ಬೇರೆ ಲೋಕ, ತನ್ನದು ಬೇರೆ ಅಂತ. ತನಗೆ ಬೇಕಾದ ಹೆಸರು, ಪಾತ್ರ ತೆಗೆದುಕೊಳ್ಳುತ್ತಿದ್ದರು. ಬೇಡವಾದಾಗ ಪುಸ್ತಕದಲ್ಲಿ ಏನಿದೆ ಅಂತ ನೋಡುತ್ತಿರಲಿಲ್ಲ.

ಝಾನ್ ಅವರ ಮೊದಲ ಮೂರು ಪುಸ್ತಕಗಳನ್ನೇ ನೋಡಿ. ಕ್ಲೋನ್ ಯುದ್ಧ ಹೇಗಿತ್ತು ಅಂತ ಅವರು ತಮ್ಮದೇ ಊಹೆ ಮಾಡಿದ್ದರು. ಬೇಗ ಬೇಗ ಬೆಳೆಸಿದ ಕ್ಲೋನ್‌ಗಳಿಗೆ ಹುಚ್ಚು ಹಿಡಿಯುತ್ತದೆ ಅಂತೆಲ್ಲ ಬರೆದಿದ್ದರು. 2002ರಲ್ಲಿ ಸಿನಿಮಾ ಬಂದಾಗ ಕ್ಲೋನ್‌ಗಳು ಗಣರಾಜ್ಯದ ಶಿಸ್ತಿನ ಸೈನಿಕರು! ಆಗ ಯಾರೂ ಸಿನಿಮಾ ತಪ್ಪು ಅನ್ನಲಿಲ್ಲ. ಅಭಿಮಾನಿಗಳು, ಲೇಖಕರು ಸೇರಿ ಎರಡನ್ನೂ ಹೊಂದಿಸಲು ಒದ್ದಾಡಿದರು.

ಹಾಗಾಗಿ 2014ರಲ್ಲಿ ಇದ್ದಕ್ಕಿದ್ದಂತೆ ಕಿತ್ತುಕೊಂಡರು ಅನ್ನುವುದು ಪೂರ್ತಿ ನಿಜವಲ್ಲ. ಮೊದಲಿಂದಲೂ ಪುಸ್ತಕ ಕೆಳಗಿನ ಮೆಟ್ಟಿಲಲ್ಲೇ ಇತ್ತು.

ಹಳೆಕಪಾಟು

ಚಿಮೇರಾ ಅವರೇ, ನಿಯಮ ಹಾಗಿತ್ತು, ಒಪ್ಪುತ್ತೇನೆ. ಆದರೆ ಓದುಗರಿಗೆ ಪುಸ್ತಕ ಮಾರುವಾಗ ಹಾಗೆ ಹೇಳಲಿಲ್ಲ ಅಲ್ವಾ? ಇದು ಮುಂದಿನ ಕಥೆ, ಲ್ಯೂಕ್‌ಗೆ ಆಮೇಲೆ ಏನಾಯಿತು ತಿಳಿಯಿರಿ ಅಂತಲೇ ಮಾರಿದ್ದು. 1999ರ ‘ವೆಕ್ಟರ್ ಪ್ರೈಮ್’ನಲ್ಲಿ ಚ್ಯೂಬಾಕಾ ಸಾಯುತ್ತಾನೆ. ಒಂದು ಗ್ರಹದ ಮೇಲೆ ಅದರ ಚಂದ್ರನೇ ಬಂದು ಬೀಳುತ್ತದೆ. ಹಾನ್ ಸೋಲೋನ ಮಗನನ್ನು ಹಡಗಿಗೆ ಹತ್ತಿಸಿ ಅವನು ಅಲ್ಲೇ ಉಳಿದುಬಿಡುತ್ತಾನೆ. ಆ ಪುಟಗಳನ್ನು ಓದಿ ನಾನು ಅತ್ತಿದ್ದೇನೆ. ಹಾನ್ ತನ್ನ ಮಗನನ್ನೇ ದೂರುತ್ತಾನೆ, ಮನೆ ಒಡೆದುಹೋಗುತ್ತದೆ. ಆ ದುಃಖವನ್ನು ಎಷ್ಟೋ ಪುಸ್ತಕಗಳ ತನಕ ಕಟ್ಟಿದರು. ಅದನ್ನೆಲ್ಲ ನಡೆದೇ ಇಲ್ಲ ಅಂದಾಗ ನೋವಾಗುತ್ತದೆ. ಮಾರಾ ಜೇಡ್ ಬಗ್ಗೆಯೂ ಅಷ್ಟೇ. ಲ್ಯೂಕ್‌ನನ್ನು ಕೊಲ್ಲಲು ಹೊರಟವಳು ಕೊನೆಗೆ ಅವನ ಹೆಂಡತಿ. ಅಂಥ ಪಾತ್ರಕ್ಕೆ ಹೊಸ ಕಥೆಯಲ್ಲಿ ಜಾಗವೇ ಸಿಕ್ಕಿಲ್ಲ.

ಪರದೆ_ಮೊದಲು

ನೋವು ನಿಜ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅವರ ಜಾಗದಲ್ಲಿ ನಿಂತು ನೋಡಿ.

2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಸುಮಾರು 405 ಕೋಟಿ ಡಾಲರ್ ಕೊಟ್ಟು ಲ್ಯೂಕಾಸ್‌ಫಿಲ್ಮ್ ಕೊಂಡಿತು. ಅದೇ ದಿನ ಏಳನೇ ಸಿನಿಮಾ ಬರುತ್ತದೆ ಅಂತ ಘೋಷಿಸಿದರು. ಹಾನ್, ಲೀಯಾ, ಲ್ಯೂಕ್ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್, ಕ್ಯಾರಿ ಫಿಶರ್, ಮಾರ್ಕ್ ಹ್ಯಾಮಿಲ್ ಮೂವರಿಗೂ ವಯಸ್ಸಾಗಿತ್ತು. ಕಥೆ ‘ರಿಟರ್ನ್ ಆಫ್ ದಿ ಜೆಡೈ’ ಆದ ಮೂವತ್ತು ವರ್ಷಕ್ಕೆ ನಡೆಯಲೇಬೇಕು. ಆ ಮೂವತ್ತು ವರ್ಷ ಪೂರ್ತಿ ಕಾದಂಬರಿಗಳಿಂದ ತುಂಬಿತ್ತು. ಚ್ಯೂಬಾಕಾ ಸತ್ತಿದ್ದಾನೆ. ಹಾನ್‌ಗೆ ಮೂವರು ಮಕ್ಕಳು, ಒಬ್ಬ ಯುದ್ಧದಲ್ಲಿ ಸತ್ತ, ಇನ್ನೊಬ್ಬ ಜೆಡೈಗಳ ವೈರಿಯಾದ ಸಿತ್ ಆದ. ಹೊರ ಗ್ಯಾಲಕ್ಸಿಯಿಂದ ಯೂಝಾನ್ ವಾಂಗ್ ಎಂಬ ದಾಳಿಕೋರರು ಬಂದು ಕೊರುಸಾಂಟ್ ಗ್ರಹವನ್ನೇ ಬದಲಿಸಿಬಿಟ್ಟರು. ಇದನ್ನೆಲ್ಲ ಓದಿರದ ಸಿನಿಮಾ ಪ್ರೇಕ್ಷಕನಿಗೆ ಹೇಗೆ ಕಥೆ ಹೇಳುವುದು? ಕೋಟಿಗಟ್ಟಲೆ ಜನ ನೋಡುವ ಸಿನಿಮಾಕ್ಕೆ ಅಷ್ಟು ಹೋಂವರ್ಕ್ ಕೊಡಲು ಆಗುವುದಿಲ್ಲ. ಬದಿಗಿಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಆಮೇಲೆ ಅವರು ಯಾವುದನ್ನೂ ಸುಟ್ಟುಹಾಕಲಿಲ್ಲ. ಹಳೆ ಪುಸ್ತಕಗಳು ‘ಲೆಜೆಂಡ್ಸ್’ ಪಟ್ಟಿ ಹೊತ್ತು ಇವತ್ತಿಗೂ ಮುದ್ರಣವಾಗುತ್ತಿವೆ. ‘ದಿ ಓಲ್ಡ್ ರಿಪಬ್ಲಿಕ್’ ಎಂಬ ಆನ್‌ಲೈನ್ ಆಟ 2011ರಲ್ಲಿ ಶುರುವಾಗಿ 2014ರ ಆಚೆಗೂ ಹೊಸ ಕಥೆ ಸೇರಿಸಿಕೊಂಡೇ ಬಂತು, ಲೆಜೆಂಡ್ಸ್ ಆಗಿಯೇ. 2019ರಲ್ಲಿ ಮಾರ್ವೆಲ್ ತನ್ನ ಹಳೆ ಕಾಮಿಕ್ಸ್‌ನ 108ನೇ ಸಂಚಿಕೆ ತಂದಿತು. 107ನೇದು ಬಂದದ್ದು 1986ರಲ್ಲಿ!

ಟ್ರೆಕ್_ಮನೆ

ನಡುವೆ ಬಂದೆ, ಕ್ಷಮಿಸಿ. ನಮ್ಮ ಸ್ಟಾರ್ ಟ್ರೆಕ್ ಕಡೆ ನಿಯಮ ಯಾವಾಗಲೂ ಸರಳ. ಪರದೆ ಮೇಲೆ ಬಂದದ್ದು ಕ್ಯಾನನ್, ಪುಸ್ತಕ ಅಲ್ಲ. ಮೊದಲೇ ಹೇಳಿದ್ದರಿಂದ ಯಾರಿಗೂ ಮೋಸವಾಯಿತು ಅನ್ನಿಸಲಿಲ್ಲ.

ಆದರೂ ಒಳ್ಳೆಯದು ನುಸುಳಿಕೊಂಡು ಬರುತ್ತದೆ. ಸುಲು ಎಂಬ ಪಾತ್ರದ ಮೊದಲ ಹೆಸರು ಹಿಕಾರು ಅಂತ ಬಂದದ್ದು ವಾಂಡಾ ಮೆಕಿಂಟೈರ್ 1981ರಲ್ಲಿ ಬರೆದ ಕಾದಂಬರಿಯಲ್ಲಿ. ಹತ್ತು ವರ್ಷ ಬಿಟ್ಟು ಆರನೇ ಸಿನಿಮಾದಲ್ಲಿ ಸುಲು ತಾನೇ ಅದನ್ನು ಹೇಳಿದ. ಅಲ್ಲಿಗೆ ಅಧಿಕೃತ. 1973ರ ಕಾರ್ಟೂನ್ ಸರಣಿಯದೂ ಇದೇ ಥರ. ಎಂಬತ್ತರ ದಶಕದ ಕೊನೆಗೆ ಅದನ್ನು ಲೆಕ್ಕದಿಂದ ಹೊರಗಿಟ್ಟರು, ಆಮೇಲೆ ಒಳಗೆ ಕರೆದುಕೊಂಡರು. ಕರ್ಕ್‌ನ ನಡುವಿನ ಹೆಸರು ಟೈಬೀರಿಯಸ್ ಬಂದದ್ದೇ ಆ ಕಾರ್ಟೂನ್‌ನಿಂದ.

ನೀಲಿಪೆಟ್ಟಿಗೆ

ಡಾಕ್ಟರ್ ಹೂ ನೋಡುವವರಿಗೆ ಈ ತಲೆನೋವೇ ಇಲ್ಲ. ಬಿಬಿಸಿ ಇಂಥದ್ದು ಕ್ಯಾನನ್, ಇಂಥದ್ದು ಅಲ್ಲ ಅಂತ ಪಟ್ಟಿ ಮಾಡಿಯೇ ಇಲ್ಲ. 1963ರಿಂದ ಹಾಗೇ ನಡೆಯುತ್ತಿದೆ. 2013ರ ಒಂದು ಕಿರುಚಿತ್ರದಲ್ಲಿ ಎಂಟನೇ ಡಾಕ್ಟರ್ ಸಾಯುವ ಮುಂಚೆ ತನ್ನ ಜೊತೆಗಾರರ ಹೆಸರುಗಳನ್ನು ಹೇಳುತ್ತಾನೆ. ಅವರೆಲ್ಲ ಆಡಿಯೋ ನಾಟಕಗಳಲ್ಲಿ ಮಾತ್ರ ಇದ್ದವರು. ಕೇಳಿದವರಿಗೆ ರೋಮಾಂಚನ, ಕೇಳದವರಿಗೂ ಕಥೆ ಕೈತಪ್ಪಲಿಲ್ಲ.

ಹೊಸ_ಓದುಗ

ಸರಿ, ಈಗ ಸ್ವಲ್ಪ ತಿಳಿಯಿತು. ಹಾಗಾದರೆ 2014ರ ಆಮೇಲಿನದು ಎಲ್ಲ ಒಂದೇ ಮಟ್ಟ ಅಂದಿರಲ್ಲ, ಅದನ್ನು ನಂಬಿ ಓದಬಹುದಾ? ಪುಸ್ತಕದಲ್ಲಿ ಇದ್ದದ್ದು ಸರಣಿಯಲ್ಲೂ ಹಾಗೇ ಇರುತ್ತದಾ?

ಚಿಮೇರಾ

ನಾನು ಬಹಳ ದಿನದಿಂದ ಹೇಳಬೇಕು ಅಂದುಕೊಂಡಿದ್ದ ವಿಷಯ ಇದೇ. ಕಾಗದದ ಮೇಲೆ ಎಲ್ಲ ಸಮಾನ. ನಡೆಯುವಾಗ ಹಾಗಿಲ್ಲ. ಮೂರು ಉದಾಹರಣೆ ಕೊಡುತ್ತೇನೆ, ಮೂರೂ ಲೆಜೆಂಡ್ಸ್ ಅಲ್ಲ, ಹೊಸ ಕ್ಯಾನನ್ನೇ.

2015ರ ‘ಕೇನನ್’ (ಒಬ್ಬ ಜೆಡೈ ಹೆಸರು) ಎಂಬ ಕಾಮಿಕ್ಸ್‌ನಲ್ಲಿ ಹುಡುಗ ಕೇಲೆಬ್ ಡ್ಯೂಮ್ ಮತ್ತು ಅವನ ಗುರು ಡೆಪಾ ಬಿಲಾಬಾ ರಾತ್ರಿ ಬೆಂಕಿ ಸುತ್ತ ತಮ್ಮ ಕ್ಲೋನ್ ಸೈನಿಕರ ಜೊತೆ ಕೂತಿರುತ್ತಾರೆ. ಆರ್ಡರ್ 66, ಅಂದರೆ ಜೆಡೈಗಳನ್ನೆಲ್ಲ ಕೊಲ್ಲಿ ಎಂಬ ಆಜ್ಞೆ ಬರುತ್ತದೆ. ಈಗ ತಾನೇ ಜೊತೆಯಲ್ಲಿ ಮಾತಾಡುತ್ತಿದ್ದವರೇ ಬಂದೂಕು ಎತ್ತುತ್ತಾರೆ. 2021ರ ‘ದಿ ಬ್ಯಾಡ್ ಬ್ಯಾಚ್’ ಮೊದಲ ಕಂತಿನಲ್ಲಿ ಅದೇ ಗ್ರಹ, ಅದೇ ಘಟನೆ. ಆದರೆ ಹಗಲು, ಹಿಮ, ಯುದ್ಧದ ನಡುವೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ.

2016ರಲ್ಲಿ ಇ. ಕೆ. ಜಾನ್‌ಸ್ಟನ್ ‘ಅಸೋಕಾ’ ಕಾದಂಬರಿ ಬರೆದರು. ಮ್ಯಾಂಡಲೋರ್ ಮುತ್ತಿಗೆಯಲ್ಲಿ ಖಳನಾಯಕ ಮಾಲ್ ಜೊತೆ ನಡೆದ ಕಾಳಗ ಅದರಲ್ಲಿ ಬಂದುಹೋಗುತ್ತದೆ. 2020ರಲ್ಲಿ ‘ದಿ ಕ್ಲೋನ್ ವಾರ್ಸ್’ ಏಳನೇ ಸೀಸನ್ ಅದೇ ಕಾಳಗವನ್ನು ಬೇರೆ ರೀತಿ ತೋರಿಸಿತು. ಕತ್ತಿಗಳ ಬಣ್ಣವೇ ಬೇರೆ. ಅಲ್ಲಿಗೂ ಮುಗಿಯಲಿಲ್ಲ. ಆ ಕಾದಂಬರಿಯ ಮುಖ್ಯ ಕಥೆ ಅಂದರೆ ಅಸೋಕಾ ಒಂದು ಸಣ್ಣ ಕೃಷಿ ಚಂದ್ರನ ಮೇಲೆ ಅಡಗಿರುವುದು, ಜೆಡೈಗಳನ್ನು ಬೇಟೆಯಾಡುವ ಇನ್‌ಕ್ವಿಸಿಟರ್ ಬರುವುದು, ಅವನನ್ನು ಸೋಲಿಸುವುದು. 2022ರ ‘ಟೇಲ್ಸ್ ಆಫ್ ದಿ ಜೆಡೈ’ ಕೊನೆ ಕಂತು ಅದನ್ನೇ ಹದಿನೈದು ನಿಮಿಷದ ಆಸುಪಾಸಿನಲ್ಲಿ ಬೇರೆಯಾಗಿ ಹೇಳಿಬಿಟ್ಟಿತು. ಇನ್‌ಕ್ವಿಸಿಟರ್ ಮುಖವೂ ಅದಲ್ಲ. ಕಾದಂಬರಿ ಇನ್ನೂ ಅಧಿಕೃತ ಪಟ್ಟಿಯಲ್ಲೇ ಇದೆ. ಅದರಲ್ಲಿರುವ ಸಂಗತಿಗಳು ಉಳಿದಿವೆಯಾ ಅಂದರೆ, ನೀವೇ ಹೇಳಿ.

ಮೂರನೆಯದು ನನಗೆ ಇಷ್ಟವಾದದ್ದು. ಕ್ಯಾಸಿಯನ್ ಆಂಡೋರ್ ಹುಟ್ಟಿದ್ದು ಫೆಸ್ಟ್ ಎಂಬ ಗ್ರಹದಲ್ಲಿ ಅಂತ ‘ರೋಗ್ ಒನ್’ ಸಿನಿಮಾದ ಚಿತ್ರಕೋಶದಲ್ಲಿ ಬರೆದಿದ್ದರು. 2022ರಲ್ಲಿ ‘ಆಂಡೋರ್’ ಸರಣಿ ಬಂದಾಗ ಅವನು ಕೆನಾರಿ ಗ್ರಹದವನು. ಆದರೆ ಬರೆದವರು ಹಳೆಯದನ್ನು ಮರೆತಿರಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಅವನ ಊರು ಫೆಸ್ಟ್ ಅಂತಲೇ ಇದೆ, ಸಾಕುತಾಯಿ ಮಾರ್ವಾ ಕೆನಾರಿಯ ವಿಷಯ ಮುಚ್ಚಿಡಲು ಹಾಗೆ ಬರೆಸಿದ್ದಾಳೆ. ಪುಸ್ತಕದ ಒಂದು ಸಾಲು ಹುಸಿಯಾಗಲಿಲ್ಲ, ಕಥೆಯ ಒಳಗೇ ಒಂದು ಸುಳ್ಳಾಗಿ ಬದುಕಿತು. ಆ ಹುಡುಗ ಎಷ್ಟು ಅಪಾಯದಲ್ಲಿ ಬೆಳೆದ ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಇಷ್ಟು ಮಾಡಲು ದುಡ್ಡೇನೂ ಬೇಕಿಲ್ಲ. ಹಿಂದೆ ಬರೆದವರ ಮೇಲೆ ಗೌರವ ಬೇಕು, ಅಷ್ಟೇ.

ಕ್ಯಾನನ್ ಅನ್ನುವುದು ಓದುಗನ ಮೇಲಿನ ನಿಯಮ ಅಲ್ಲ. ಅದು ಮುಂದೆ ಬರೆಯುವವರ ಮೇಲಿನ ಜವಾಬ್ದಾರಿ. ಹಿಂದಿನವರು ಕಟ್ಟಿದ್ದನ್ನು ನೋಡಿಕೊಂಡು ಬರೆಯಿರಿ ಅಂತ. ಲೆಜೆಂಡ್ಸ್ ಅಂದರೆ ಹೊಸ ಬರಹಗಾರರಿಗೆ ಆ ಜವಾಬ್ದಾರಿ ಇಲ್ಲ ಅಂತ ಅರ್ಥ. ನೀವು ಓದಬಾರದು ಅಂತ ಯಾರೂ ಹೇಳಿಲ್ಲ.

ಪರದೆ_ಮೊದಲು

ಬ್ಯಾಡ್ ಬ್ಯಾಚ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಾಮಿಕ್ಸ್ ಓದಿದವರಿಗಿಂತ ಸರಣಿ ನೋಡುವವರು ಎಷ್ಟೋ ಪಾಲು ಜಾಸ್ತಿ. ಆ ಸರಣಿಯ ನಾಯಕರು ಅದೇ ಯುದ್ಧದಲ್ಲಿ ಇರಬೇಕಿತ್ತು, ಹುಡುಗನನ್ನು ಬಿಟ್ಟುಬಿಡುವ ತೀರ್ಮಾನ ಅವರ ಮುಖಂಡ ಹಂಟರ್ ಮಾಡಬೇಕಿತ್ತು. ಆ ದೃಶ್ಯದಿಂದಲೇ ಇಡೀ ಸರಣಿ ಶುರು. ಬೆಂಕಿ ಸುತ್ತ ಕೂತ ರಾತ್ರಿಯಲ್ಲಿ ಅದು ಆಗುತ್ತಿರಲಿಲ್ಲ.

ಚಿಮೇರಾ

ಹಂಟರ್ ಮತ್ತು ಅವನ ತಂಡ ಆ ರಾತ್ರಿ ಶಿಬಿರಕ್ಕೆ ಬಂದು ಸೇರಿದರು ಅಂತ ಬರೆದಿದ್ದರೆ ಸಾಕಿತ್ತು ಸರ್. ಗೆಳೆಯರಂತೆ ಕೂತಿದ್ದವರು ತಿರುಗಿಬೀಳುವುದು ಹಿಮದ ಯುದ್ಧಕ್ಕಿಂತ ಎದೆಗೆ ತಟ್ಟುತ್ತದೆ. ನನ್ನ ಮಟ್ಟಿಗೆ ಕಾಮಿಕ್ಸ್‌ನ ದೃಶ್ಯವೇ ಒಳ್ಳೆಯದು.

ಪರದೆ_ಮೊದಲು

ಸಿನಿಮಾದಲ್ಲೇ ಬದಲಾಗುತ್ತದೆ ಅನ್ನುವುದನ್ನೂ ಸೇರಿಸಿ. 1977ರಲ್ಲಿ ಹಾನ್ ಸೋಲೋ ಗ್ರೀಡೋನನ್ನು ಹೊಡೆದು ಹೊರಟುಹೋಗುತ್ತಾನೆ. 1997ರಲ್ಲಿ ಗ್ರೀಡೋ ಮೊದಲು ಹೊಡೆಯುತ್ತಾನೆ. 2004ರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬರುವಾಗ ಗ್ರೀಡೋ ಬಾಯಲ್ಲಿ ಹೊಸದೊಂದು ಮಾತು. ‘ರಿಟರ್ನ್ ಆಫ್ ದಿ ಜೆಡೈ’ ಕೊನೆಯಲ್ಲಿ ಕಾಣುವ ಅನಾಕಿನ್ ರೂಪವೂ ಹಾಗೇ. ಮೊದಲು ಸೆಬಾಸ್ಟಿಯನ್ ಶಾ, 2004ರಿಂದ ಹೇಡನ್ ಕ್ರಿಸ್ಟೆನ್ಸನ್. ಎಲ್ಲಕ್ಕಿಂತ ಮೇಲಿನ ಮೆಟ್ಟಿಲೇ ಹೀಗೆ ಅಲುಗಾಡುವಾಗ ಕೆಳಗಿನದಕ್ಕೆ ಗಟ್ಟಿ ಅಂತ ಹೇಗೆ ಹೇಳುವುದು?

ಹಳೆಕಪಾಟು

ಅದಕ್ಕೇ ನಾನು ಈ ಜಗಳಗಳಲ್ಲಿ ಬೈದಾಡುವವರನ್ನು ನೋಡಿ ಬೇಸರ ಪಡುವುದು. 2024ರಲ್ಲಿ ‘ದಿ ಅಕೋಲೈಟ್’ನಲ್ಲಿ ಕೀ-ಆದಿ-ಮುಂಡಿ ಎಂಬ ಜೆಡೈ ಕೆಲವು ಕ್ಷಣ ಬಂದ. ಅವನು ಆಗ ಹುಟ್ಟಿಯೇ ಇರಲಿಲ್ಲ ಅಂತ ಎಷ್ಟು ಗಲಾಟೆ! ಆ ಹುಟ್ಟಿದ ವರ್ಷ ಲೆಜೆಂಡ್ಸ್ ಕಾಲದ್ದು. ಸಿನಿಮಾದಲ್ಲಿ ಅವನ ವಯಸ್ಸು ಯಾರೂ ಹೇಳಿಲ್ಲ. ಲೆಜೆಂಡ್ಸ್ ಬೇಕು ಅನ್ನುವವಳು ನಾನು, ನನಗೇ ಅದು ಸರಿ ಕಾಣಲಿಲ್ಲ. ಒಂದು ವರ್ಷದ ಅಂಕಿ ಹಿಡಿದು ನಟರಿಗೆ, ಬರಹಗಾರರಿಗೆ ಕೆಟ್ಟದಾಗಿ ಬರೆಯುವುದು ಈ ಕಥೆಗಳ ಮೇಲಿನ ಪ್ರೀತಿ ಅಲ್ಲ.

ಹೊಸ_ಓದುಗ ಅವರಿಗೆ ಒಂದು ಎಚ್ಚರಿಕೆ. ‘ಕ್ಲೋನ್ ವಾರ್ಸ್’ ಹೆಸರಿನಲ್ಲಿ ಎರಡು ಕಾರ್ಟೂನ್ ಇವೆ. 2003ರದ್ದು ಗೆಂಡಿ ಟಾರ್ಟಕೋವ್ಸ್ಕಿ ಮಾಡಿದ್ದು, ಸಣ್ಣ ಸಣ್ಣ ಕಂತು, ಕೈಯಲ್ಲಿ ಬಿಡಿಸಿದ ಚಿತ್ರ. ಅದು ಲೆಜೆಂಡ್ಸ್. 2008ರದ್ದು ಕಂಪ್ಯೂಟರ್ ಚಿತ್ರಗಳದ್ದು, ಅದು ಕ್ಯಾನನ್. ಆದರೆ ಹಳೆಯದನ್ನು ಬಿಡಬೇಡಿ. ‘ರಿವೆಂಜ್ ಆಫ್ ದಿ ಸಿತ್’ ಸಿನಿಮಾದಲ್ಲಿ ಜನರಲ್ ಗ್ರೀವಸ್ ಯಾಕೆ ಕೆಮ್ಮುತ್ತಾನೆ ಅಂತ ಸಿನಿಮಾ ಹೇಳುವುದಿಲ್ಲ. 2003ರ ಸರಣಿಯ ಕೊನೆಯಲ್ಲಿ ಮೇಸ್ ವಿಂಡು ದೂರದಿಂದಲೇ ಅವನ ಎದೆ ಹಿಂಡುತ್ತಾನೆ. ಅದನ್ನು ನೋಡಿದವರಿಗೆ ಆ ಕೆಮ್ಮು ಕೇಳಿದಾಗಲೆಲ್ಲ ಆ ದೃಶ್ಯವೇ ನೆನಪಾಗುತ್ತದೆ. ಅಧಿಕೃತ ಅಲ್ಲ ಅಂದರೂ ನೆನಪಾಗುತ್ತದೆ!

ಹೊಸ_ಓದುಗ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪುಸ್ತಕ ಓದುವುದು ಅಂತ ತೀರ್ಮಾನ ಮಾಡಿದೆ. ಗೆಳೆಯನಿಗೂ ಈ ಚರ್ಚೆ ತೋರಿಸುತ್ತೇನೆ. ಎರಡು ಪ್ರಶ್ನೆ ಉಳಿದಿದೆ. ಇದರ ಮುಂದಿನ ಭಾಗ ಯಾವುದು? ಹೊಸ ಥ್ರಾನ್ ಪುಸ್ತಕಗಳನ್ನು ಮೊದಲು ಓದಬೇಕಾ, ಇದನ್ನೇ ಮೊದಲು ಓದಬಹುದಾ?

ಚಿಮೇರಾ

ಇದನ್ನೇ ಮೊದಲು ಓದಿ. ಇದರ ಬೆನ್ನಿಗೆ 1992ರ ‘ಡಾರ್ಕ್ ಫೋರ್ಸ್ ರೈಸಿಂಗ್’, 1993ರ ‘ದಿ ಲಾಸ್ಟ್ ಕಮಾಂಡ್’. ಮೂರೂ ಸೇರಿ ಒಂದೇ ಕಥೆ, ಒಂದನ್ನೇ ಓದಿ ನಿಲ್ಲಿಸಬೇಡಿ. ಹೊಸ ಮುದ್ರಣದಲ್ಲಿ ಮೇಲೆ ‘ಲೆಜೆಂಡ್ಸ್’ ಪಟ್ಟಿ ಇರುತ್ತದೆ, ಒಳಗಿನ ಕಥೆ ಬದಲಾಗಿಲ್ಲ. ಯಾವುದು ಸಿಕ್ಕರೂ ಕೊಳ್ಳಿ. ಕ್ಲೋನ್ ಯುದ್ಧದ ಮಾತು ಬಂದಾಗ ಮಾತ್ರ ಸಿನಿಮಾ ಬದಿಗಿಟ್ಟು ಓದಿ.

ಆಮೇಲೆ 2017ರ ‘ಥ್ರಾನ್’. ಅವನು ಸಾಮ್ರಾಜ್ಯಕ್ಕೆ ಹೇಗೆ ಸೇರಿದ ಅನ್ನುವ ಕಥೆ, ಇದು ಕ್ಯಾನನ್. 2016ರಲ್ಲಿ ‘ರೆಬೆಲ್ಸ್’ ಮೂರನೇ ಸೀಸನ್‌ಗೆ ಥ್ರಾನ್‌ನನ್ನು ಮತ್ತೆ ಕರೆತಂದ ಮೇಲೆ ಝಾನ್ ಅವರ ಕೈಗೇ ಬರೆಯಲು ಕೊಟ್ಟರು. ‘ರೆಬೆಲ್ಸ್’ನಲ್ಲಿ ದನಿ ಕೊಟ್ಟ ಲಾರ್ಸ್ ಮಿಕೆಲ್ಸನ್ ಅವರೇ ನೀವು ‘ಅಸೋಕಾ’ದಲ್ಲಿ ನೋಡಿದ ಥ್ರಾನ್.

ಹಳೆಕಪಾಟು

ಇನ್ನೊಂದು. ಮೊದಲ ಅಧ್ಯಾಯದಲ್ಲೇ ಥ್ರಾನ್ ಜೊತೆ ಹಡಗಿನ ಕ್ಯಾಪ್ಟನ್ ಪೆಲ್ಲಿಯಾನ್ ಸಿಗುತ್ತಾನೆ. ‘ದಿ ಮ್ಯಾಂಡಲೋರಿಯನ್’ ಮೂರನೇ ಸೀಸನ್ ಇನ್ನೊಮ್ಮೆ ತೆಗೆದು ನೋಡಿ. ಸಾಮ್ರಾಜ್ಯದ ಉಳಿದ ಸೇನಾಪತಿಗಳು ಹೋಲೋಗ್ರಾಂನಲ್ಲಿ ಸಭೆ ಸೇರುವ ಕಂತು ಇದೆಯಲ್ಲ, ಅಲ್ಲಿ ಥ್ರಾನ್ ವಾಪಸ್ ಬರುತ್ತಾನೆ ಅಂತ ಹೇಳುವ ಮುದುಕ ಅವನೇ.